ಒಗೆದ ಮೇಲೂ ಬಟ್ಟೆಯಲ್ಲಿ ಉಳಿಯುವುದು

ಮಗಳ ಬಟ್ಟೆ ಮಡಚುವಾಗ ಒಂದೊಂದನ್ನೂ ಮೂಗಿಗೆ ಹಿಡಿದು ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಸಾವಯವ ಹತ್ತಿಯ ಹೊಸ ಅಂಗಿಗೆ ಹೇಳಿಕೊಳ್ಳುವಂಥ ವಾಸನೆಯೇ ಇರುವುದಿಲ್ಲ. ಆದರೆ ಅಂಥದೇ ಅಂಗಿ ತೊಟ್ಟ ಬೇರೆ ಎಳೆಗೂಸುಗಳನ್ನು ಎತ್ತಿಕೊಂಡಾಗ ಮೊದಲು ಮೂಗಿಗೆ ಬಡಿಯುವುದು ಮಗುವಿನ ಮೈವಾಸನೆಯಲ್ಲ, ಲ್ಯಾವೆಂಡರೋ ಮಲ್ಲಿಗೆಯೋ ಇನ್ಯಾವುದೋ ಒಂದು ಘಮ. ಕುತ್ತಿಗೆಯ ಮಡಿಕೆಯಲ್ಲೂ ಅದೇ, ಅಂಗೈಯಲ್ಲೂ ಅದೇ. ಎತ್ತಿಕೊಂಡು ಕೆಳಗಿಳಿಸಿದ ಮೇಲೆ ನನ್ನ ಭುಜದ ಮೇಲೂ ಅದೇ. ಲೇಬಲ್ ಓದಿ, ಹತ್ತು ಕಡೆ ವಿಚಾರಿಸಿ, ರಾಸಾಯನಿಕದ ಸೋಂಕಿಲ್ಲದ್ದು ಬೇಕು ಅಂತ ಹೆಚ್ಚು ದುಡ್ಡು ಕೊಟ್ಟು ತಂದ ಬಟ್ಟೆ ಅದು. ಹೊಲದಲ್ಲಿ ರೈತರು ಬೇಡ ಅಂತ ಬಿಟ್ಟದ್ದನ್ನು, ಕಾರ್ಖಾನೆಯವರು ಬೇಡ ಅಂತ ಬಿಟ್ಟದ್ದನ್ನು, ನಾವು ವಾಷಿಂಗ್ ಮಷಿನ್ನಿನ ಮುಂದೆ ನಿಂತು ಮುಚ್ಚಳದಲ್ಲಿ ಅಳೆದು ಮತ್ತೆ ಸೇರಿಸುತ್ತಿದ್ದೇವಲ್ಲ ಅನ್ನುವುದು ನನ್ನನ್ನು ಬಹಳ ದಿನದಿಂದ ಕೊರೆಯುತ್ತಿದೆ.

ನಮ್ಮ ಮನೆಯಲ್ಲಿ ಮಗಳ ಬಟ್ಟೆಯ ಕೆಲಸ ನನ್ನ ಪಾಲಿನದು. ಅವಳಿಗೆ ಹಾಲು ಕೊಡುವುದು ನನ್ನಿಂದ ಆಗದ ಕೆಲಸ, ಇದು ಆಗುವ ಕೆಲಸ, ಅಷ್ಟೇ ಲೆಕ್ಕ. ಮಾಡುತ್ತಾ ಮಾಡುತ್ತಾ ಬಟ್ಟೆಯ ಬಗ್ಗೆ, ನೀರಿನ ಬಗ್ಗೆ, ಸೋಪಿನ ಬಗ್ಗೆ ಓದುವ ಹುಚ್ಚು ಹಿಡಿಯಿತು. ಓದಿದಷ್ಟೂ ಒಂದು ವಿಷಯ ಗಟ್ಟಿಯಾಗುತ್ತಾ ಹೋಯಿತು: ಒಗೆಯುವುದು ಅಂದರೆ ಬಟ್ಟೆಯಿಂದ ಏನನ್ನೋ ತೆಗೆಯುವುದು. ಅಂಗಡಿಯ ಕಪಾಟಿನಲ್ಲಿ ಮಗುವಿನ ಬಟ್ಟೆಗೆಂದೇ ಸಾಲಾಗಿ ನಿಂತಿರುವ ಬಾಟಲಿಗಳಲ್ಲಿ ಎಷ್ಟೋ ಇರುವುದು ಬಟ್ಟೆಗೆ ಏನನ್ನಾದರೂ ಸೇರಿಸುವುದಕ್ಕೆ.

ಹೊಲದ ಮಾತು, ಕಾರ್ಖಾನೆಯ ಮಾತು

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳಬೇಕು. ಸಾವಯವ ಅನ್ನುವುದು ಮೂಲತಃ ಹೊಲಕ್ಕೆ ಸಂಬಂಧಪಟ್ಟ ಮಾತು. ಕೃತಕ ಕೀಟನಾಶಕ, ಕೃತಕ ಗೊಬ್ಬರ, ಕುಲಾಂತರಿ ಬೀಜ ಇವ್ಯಾವುದೂ ಇಲ್ಲದೆ ಬೆಳೆದ ಹತ್ತಿ. ಆದರೆ ಕಾಯಿ ಒಡೆದು ಬಿಡಿಸಿದ ಮೇಲೆ ಎಳೆ ಎಳೆಯೇ. ಹಾಗೆ ಬೆಳೆದದ್ದೂ ಸೆಲ್ಯುಲೋಸ್ ಅನ್ನುವ ಗಿಡದ ನಾರೇ, ಹೀಗೆ ಬೆಳೆದದ್ದೂ ಸೆಲ್ಯುಲೋಸೇ. ನೀರಿಗೂ ಸೋಪಿಗೂ ಆ ಎಳೆ ಯಾವ ಹೊಲದಿಂದ ಬಂತು ಅನ್ನುವುದು ತಿಳಿಯುವುದಿಲ್ಲ. ಆದ್ದರಿಂದ ಸಾವಯವ ಹತ್ತಿಗೆಂದೇ ಬೇರೆ ಡಿಟರ್ಜೆಂಟ್ ಬೇಕು ಅನ್ನುವ ಮಾತಿನಲ್ಲಿ ಹುರುಳಿಲ್ಲ. ಈ ಬಟ್ಟೆ ಬಹಳ ನಾಜೂಕು, ಮುಟ್ಟಿದರೆ ಹಾಳಾಗುತ್ತದೆ ಅನ್ನುವುದೂ ಅಷ್ಟೇ. ಹತ್ತಿಯ ಎಳೆ ಒಣಗಿದ್ದಾಗಿನದಕ್ಕಿಂತ ನೆಂದಾಗ ಹೆಚ್ಚು ಗಟ್ಟಿ. ರೇಯಾನ್ ಇದಕ್ಕೆ ಉಲ್ಟಾ, ನೆಂದರೆ ಶಕ್ತಿ ಕಳೆದುಕೊಳ್ಳುತ್ತದೆ. ಒಗೆಸಿಕೊಳ್ಳುವುದಕ್ಕೆ ಹತ್ತಿಯಷ್ಟು ಹೇಳಿ ಮಾಡಿಸಿದ ಎಳೆ ಸಿಗುವುದು ಕಷ್ಟ.

ವ್ಯತ್ಯಾಸ ಬರುವುದು ಹೊಲ ದಾಟಿದ ಮೇಲೆ, ನೂಲು ಬಟ್ಟೆಯಾಗಿ, ಬಟ್ಟೆ ಅಂಗಿಯಾಗುವ ದಾರಿಯಲ್ಲಿ. ಲೇಬಲ್ ನೋಡುವಾಗ ಇದು ಗೊತ್ತಿರಬೇಕು. ಓಸಿಎಸ್ (ಆರ್ಗ್ಯಾನಿಕ್ ಕಂಟೆಂಟ್ ಸ್ಟ್ಯಾಂಡರ್ಡ್) ಅನ್ನುವ ಮುದ್ರೆ ಹೇಳುವುದು ಬಟ್ಟೆಯಲ್ಲಿ ಸಾವಯವ ಎಳೆ ಎಷ್ಟಿದೆ ಅನ್ನುವುದನ್ನು ಮಾತ್ರ. ಜಿಒಟಿಎಸ್ (ಗ್ಲೋಬಲ್ ಆರ್ಗ್ಯಾನಿಕ್ ಟೆಕ್ಸ್‌ಟೈಲ್ ಸ್ಟ್ಯಾಂಡರ್ಡ್) ಮುದ್ರೆ ಅದರ ಮುಂದಿನ ಬ್ಲೀಚಿಂಗ್, ಬಣ್ಣ, ಫಿನಿಶಿಂಗ್ ಎಲ್ಲವನ್ನೂ ತನ್ನ ಕಟ್ಟಳೆಯೊಳಗೆ ತರುತ್ತದೆ. ಅದರಲ್ಲೂ ಎರಡು ದರ್ಜೆ: ಕನಿಷ್ಠ 95% ಸಾವಯವ ಎಳೆ ಇದ್ದರೆ ನೇರವಾಗಿ ಸಾವಯವ ಅಂತ ಹಾಕಿಕೊಳ್ಳಬಹುದು, ಕನಿಷ್ಠ 70% ಇದ್ದರೆ ಸಾವಯವ ಎಳೆಯಿಂದ ಮಾಡಿದ್ದು ಅಂತ. ಮಾಮೂಲಿ ಬಟ್ಟೆಗೆ ಸುಕ್ಕು ಬೀಳದಿರಲಿ ಅಂತ ಫಾರ್ಮಾಲ್ಡಿಹೈಡ್ ಬೆರೆತ ರಾಳ ಹಚ್ಚುವುದುಂಟು, ಮುಟ್ಟಿದರೆ ಜಾರುವಷ್ಟು ನುಣುಪಾಗಲಿ ಅಂತ ಮೆದುಕಾರಕ ಹಾಕುವುದುಂಟು. ಅದೆಲ್ಲ ಇಲ್ಲದ ಅಂಗಿ ಸುಕ್ಕಾಗುತ್ತದೆ, ಮೊದಲ ಸಲ ನೀರು ಕಂಡಾಗ ಕುಗ್ಗುತ್ತದೆ, ಬಣ್ಣ ಹಾಲುಬಿಳುಪಿನ ಬದಲು ಕೆನೆಬಣ್ಣವಾಗಿರುತ್ತದೆ, ಅಲ್ಲಲ್ಲಿ ಹತ್ತಿಬೀಜದ ಸಿಪ್ಪೆಯ ಚುಕ್ಕೆ ಕಾಣುತ್ತದೆ. ಇದು ಕಳಪೆ ಮಾಲು ಅಂತ ವಾಪಸು ಕಳಿಸುವವರನ್ನು ನೋಡಿ ನನಗೆ ಬೇಸರವಾಗಿದೆ. ಆ ಚುಕ್ಕೆಗಳನ್ನು ಮುಚ್ಚಿಹಾಕುವ ಕೆಲಸ ನಡೆದಿಲ್ಲ ಅನ್ನುವುದಕ್ಕೆ ಅವೇ ಸಾಕ್ಷಿ.

ಕುಗ್ಗುವ ವಿಷಯಕ್ಕೆ ಬಂದರೆ, ಎಳೆ ಸಣ್ಣದಾಗುವುದಿಲ್ಲ. ಹೆಣೆಯುವಾಗ, ಮಗ್ಗದ ಮೇಲೆ, ಫಿನಿಶಿಂಗ್ ಯಂತ್ರದಲ್ಲಿ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದಿರುತ್ತಾರೆ. ನೀರು ತಾಗಿದೊಡನೆ ಆ ಬಿಗುವು ಸಡಿಲಗೊಂಡು ನೂಲು ತನ್ನ ಸಹಜ ಜಾಗಕ್ಕೆ ಮರಳುತ್ತದೆ. ಹೆಣೆದ ಬಟ್ಟೆಯಲ್ಲಿ ಇದು ಎದ್ದು ಕಾಣುತ್ತದೆ, ಅದರಲ್ಲೂ ಉದ್ದದಲ್ಲಿ. ಹಾಗಾಗಿ ಒಂದು ಅಳತೆ ದೊಡ್ಡದು ತರುವುದೇ ಸರಿ. ಮಕ್ಕಳು ಬೆಳೆಯುವ ವೇಗಕ್ಕೆ ಅದೂ ಸಾಲುವುದಿಲ್ಲ ಅನ್ನುವುದು ಬೇರೆ ಮಾತು.

ತೊಡಿಸುವ ಮೊದಲು ಒಮ್ಮೆ ಒಗೆಯಲೇಬೇಕು. ಎಷ್ಟೇ ಶುದ್ಧ ಅಂದರೂ ಹೊಲಿಗೆ ಯಂತ್ರದ ಎಣ್ಣೆ, ಗೋದಾಮಿನ ದೂಳು, ಹತ್ತಾರು ಕೈಗಳ ಸ್ಪರ್ಶ ಇದ್ದೇ ಇರುತ್ತದೆ. ಬ್ಲೀಚ್ ಮಾಡದ ಲಂಗೋಟಿ ಬಟ್ಟೆಯಾದರೆ ಒಮ್ಮೆ ಸಾಲದು. ಹತ್ತಿಯ ಎಳೆಯ ಮೇಲೆ ಹುಟ್ಟಿನಿಂದಲೇ ತೆಳ್ಳಗೆ ಮೇಣದ ಪದರ ಇರುತ್ತದೆ, ಅದು ಹೋಗುವವರೆಗೆ ಬಟ್ಟೆ ನೀರು ಹೀರುವುದಿಲ್ಲ. ಹೊಸ ಲಂಗೋಟಿಯ ಮೇಲೆ ಬೆರಳಿನಿಂದ ಒಂದು ಹನಿ ನೀರು ಬಿಟ್ಟು ನೋಡಿ. ಹನಿ ದುಂಡಗೆ ಕೂತಿದ್ದರೆ ಮೇಣ ಇನ್ನೂ ಇದೆ, ಮತ್ತೊಮ್ಮೆ ಬಿಸಿನೀರು ಕಾಣಿಸಬೇಕು. ಬಿದ್ದ ತಕ್ಷಣ ಹರಡಿ ಮಾಯವಾದರೆ ಬಟ್ಟೆ ಕೆಲಸಕ್ಕೆ ತಯಾರು. ಈ ಹನಿ ಪರೀಕ್ಷೆ ಮುಂದೆಯೂ ಉಪಯೋಗಕ್ಕೆ ಬರುತ್ತದೆ.

ಹಳದಿ ಕಲೆ

ಎದೆಹಾಲು ಕುಡಿಯುವ ಮಗುವಿನ ಹೇಲಿನ ಕಲೆ ಒಗೆದವರಿಗೇ ಗೊತ್ತು. ಸಾಸಿವೆಯ ಹಳದಿ. ತಿಕ್ಕಿದರೆ ತೆಳುವಾಗುತ್ತದೆಯೇ ಹೊರತು ಹೋಗುವುದಿಲ್ಲ. ಮಗಳು ಹುಟ್ಟಿದ ಹೊಸತರಲ್ಲಿ ಒಂದು ಬೆಳಗ್ಗೆ ನಾನು ಅವಳ ಕೆನೆಬಣ್ಣದ ಒನ್ಸಿಯನ್ನು (ಭುಜದಿಂದ ತೊಡೆಯವರೆಗೆ ಒಂದೇ ತುಂಡಾಗಿರುವ ಮಗುವಿನ ಅಂಗಿ) ಕಲ್ಲಿನ ಮೇಲೆ ಹಾಕಿ ಬ್ರಶ್ ಹಿಡಿದು ಕೂತಿದ್ದೆ. ಬೆನ್ನಿನ ಭಾಗದಲ್ಲಿ ಅಂಗೈ ಅಗಲದ ಕಲೆ. ಅಮ್ಮ ಹಿಂದಿನಿಂದ ಬಂದವಳು ಸ್ವಲ್ಪ ಹೊತ್ತು ನೋಡಿದಳು.

"ಅದನ್ನ ಇನ್ನೂ ಎಷ್ಟು ತಿಕ್ತೀಯೋ, ಬಟ್ಟೆ ಹಿಂಜಿಹೋಗತ್ತೆ. ಕೊಡಿಲ್ಲಿ."

"ಕಲೆ ಹೋಗ್ಲಿಲ್ವಲ್ಲಮ್ಮ."

"ಹೊಲಸು ಹೋಯ್ತಲ್ಲ, ನಿನ್ನ ಕೆಲಸ ಮುಗೀತು. ಇನ್ನು ಬಿಸಿಲಿನ ಕೆಲಸ."

ಹಿಂಡಿ, ಇನ್ನೂ ಹಸಿಯಿರುವಾಗಲೇ ಕಲೆಯ ಕಡೆ ಮೇಲಾಗಿ ಬರುವಂತೆ ಬಿಸಿಲಿಗೆ ಹರವಿದಳು. ಒಣಗಿದ ಮೇಲೆ ಮತ್ತೊಮ್ಮೆ ನೀರು ಚಿಮುಕಿಸಿದಳು. ಮಧ್ಯಾಹ್ನದ ಹೊತ್ತಿಗೆ ಹುಡುಕಿದರೂ ಕಲೆ ಸಿಗಲಿಲ್ಲ. ಬ್ಲೀಚ್ ಹಾಕಿರಲಿಲ್ಲ, ಬೇರೇನೂ ಹಾಕಿರಲಿಲ್ಲ. ನನಗೆ ಆಶ್ಚರ್ಯವಾಯಿತು, ಅವಳಿಗೆ ಆಗಲಿಲ್ಲ. ಅವಳು ಇದನ್ನು ನನ್ನ ಬಟ್ಟೆಯ ಮೇಲೂ ನೋಡಿದ್ದವಳು.

ಇದು ಯಾಕೆ ಹೀಗೆ ಅಂತ ಹುಡುಕುತ್ತಾ ಹೋದಾಗ ಸಿಕ್ಕ ಕಥೆಯನ್ನು ನಾನು ಇವತ್ತಿಗೂ ಸಿಕ್ಕಸಿಕ್ಕವರಿಗೆ ಹೇಳುತ್ತೇನೆ. ಎಳೆಮಗುವಿನ ಹೇಲಿನ ಹಳದಿ ಬಣ್ಣಕ್ಕೆ ಮುಖ್ಯ ಕಾರಣ ಬಿಲಿರುಬಿನ್. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಹುಟ್ಟುವ ಬಣ್ಣ ಅದು. ದೊಡ್ಡವರ ಕರುಳಿನಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಕಂದು ಬಣ್ಣದ ವಸ್ತುವಾಗಿ ಬದಲಾಯಿಸುತ್ತವೆ. ಎಳೆಮಗುವಿನ ಕರುಳಿನಲ್ಲಿ ಆ ಬ್ಯಾಕ್ಟೀರಿಯಾಗಳು ಇನ್ನೂ ನೆಲೆಯೂರಿರುವುದಿಲ್ಲ, ಹಾಗಾಗಿ ಹಳದಿ ಹಳದಿಯಾಗಿಯೇ ಹೊರಬರುತ್ತದೆ. ನವಜಾತ ಶಿಶುಗಳಿಗೆ ಕಾಮಾಲೆ ಬಂದಾಗ ಚರ್ಮಕ್ಕೆ ಬರುವ ಹಳದಿಯೂ ಇದೇ ಬಿಲಿರುಬಿನ್‌ನಿಂದ.

1956ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನ ರೊಚ್‌ಫರ್ಡ್ ಆಸ್ಪತ್ರೆಯಲ್ಲಿ ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ವಾರ್ಡನ್ನು ನೋಡಿಕೊಳ್ಳುತ್ತಿದ್ದವರು ಸಿಸ್ಟರ್ ವಾರ್ಡ್ ಅನ್ನುವ ನರ್ಸ್. ಬಿಸಿಲು, ಗಾಳಿ ಮಕ್ಕಳಿಗೆ ಒಳ್ಳೆಯದು ಅನ್ನುವ ನಂಬಿಕೆಯಿಂದ ಅವರು ಮಕ್ಕಳನ್ನು ಅಂಗಳಕ್ಕೆ ಕರೆದೊಯ್ಯುತ್ತಿದ್ದರಂತೆ. ಒಂದು ದಿನ ವೈದ್ಯರು ಬಂದಾಗ ಕಾಮಾಲೆ ಇದ್ದ ಮಗುವೊಂದನ್ನು ತೋರಿಸಿದರು. ಬಿಸಿಲು ಬಿದ್ದ ಕಡೆಯೆಲ್ಲ ಮೈ ತಿಳಿಯಾಗಿತ್ತು. ಹೊದಿಕೆಯ ಮೂಲೆ ಮುಚ್ಚಿಕೊಂಡಿದ್ದಷ್ಟು ಜಾಗ ಮಾತ್ರ ಅಚ್ಚ ಹಳದಿಯಾಗಿ ಉಳಿದಿತ್ತು. ಅದೇ ಆಸ್ಪತ್ರೆಯಲ್ಲಿ ಕಿಟಕಿಯ ಬಳಿ ಬಿಸಿಲಿನಲ್ಲಿ ಉಳಿದುಹೋಗಿದ್ದ ರಕ್ತದ ಮಾದರಿಯೊಂದರಲ್ಲಿ ಬಿಲಿರುಬಿನ್ ನಿರೀಕ್ಷೆಗಿಂತ ಬಹಳ ಕಡಿಮೆ ಕಂಡುಬಂತು. ವೈದ್ಯ ರಿಚರ್ಡ್ ಕ್ರೆಮರ್ ಮತ್ತು ಜೊತೆಗಾರರು ಇದರ ಬೆನ್ನುಹತ್ತಿ 1958ರಲ್ಲಿ 'ಲ್ಯಾನ್ಸೆಟ್' ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಇವತ್ತು ಕಾಮಾಲೆಯ ಮಕ್ಕಳನ್ನು ನೀಲಿ ದೀಪದ ಕೆಳಗೆ ಮಲಗಿಸುವ ಚಿಕಿತ್ಸೆ ಶುರುವಾದದ್ದು ಅಲ್ಲಿಂದ. ಬೆಳಕು ಬಿದ್ದಾಗ ಬಿಲಿರುಬಿನ್ ಅಣುವಿನ ಆಕಾರ ಬದಲಾಗುತ್ತದೆ, ಒಂದಿಷ್ಟು ಒಡೆದು ಬಣ್ಣ ಕಳೆದುಕೊಳ್ಳುತ್ತದೆ.

ಅಮ್ಮ ಒನ್ಸಿಯನ್ನು ಬಿಸಿಲಿಗೆ ಹರವಿದ್ದು, ಸಿಸ್ಟರ್ ವಾರ್ಡ್ ಆ ಮಗುವಿನ ಮೈಮೇಲೆ ಕಂಡದ್ದು, ಎರಡರಲ್ಲೂ ಇರುವುದು ಒಂದೇ ಹಳದಿ, ಅದೇ ಬೆಳಕು. ಇದನ್ನು ಓದಿದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ. (ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬಿಸಿಲಿಗೆ ಹಾಕಬೇಕಾದ್ದು ಬಟ್ಟೆಯನ್ನು. ಮಗುವಿನ ಕಣ್ಣೋ ಮೈಯೋ ಹಳದಿಯಾಗಿ ಕಂಡರೆ ವೈದ್ಯರ ಹತ್ತಿರ ಹೋಗಬೇಕು. ಎಷ್ಟು ಬೆಳಕು, ಎಷ್ಟು ಹೊತ್ತು ಅನ್ನುವುದನ್ನು ರಕ್ತಪರೀಕ್ಷೆ ನೋಡಿ ತೀರ್ಮಾನಿಸುವವರು ಅವರು.)

ಬಿಸಿಲು ಎಲ್ಲ ಕಲೆಗೂ ಮದ್ದಲ್ಲ. ಹಾಲು ಕಕ್ಕಿದ್ದು, ರಕ್ತ, ಹೇಲು ಇವುಗಳಲ್ಲಿ ಪ್ರೋಟೀನ್ ಇರುತ್ತದೆ. ಮೊದಲೇ ಬಿಸಿನೀರು ಹಾಕಿದರೆ ಅದು ಬೆಂದು ಎಳೆಗೆ ಕಚ್ಚಿಕೊಳ್ಳುತ್ತದೆ. ತಣ್ಣೀರು ಮೊದಲು, ಒಳಗಡೆಯಿಂದ ಹೊರಗಡೆಗೆ ಧಾರೆ ಬಿಟ್ಟು ತಳ್ಳುವುದು, ಆಮೇಲೆ ಸೋಪು. ಕಲೆ ಹಟ ಹಿಡಿದರೆ ಸೋಡಿಯಂ ಪರ್ಕಾರ್ಬೊನೇಟ್ ಇರುವ ಆಕ್ಸಿಜನ್ ಬ್ಲೀಚ್ ಪುಡಿಯನ್ನು ಬೆಚ್ಚನೆಯ ನೀರಿನಲ್ಲಿ ಕದಡಿ ನೆನೆಹಾಕಬಹುದು. ಅದು ಹೈಡ್ರೋಜನ್ ಪೆರಾಕ್ಸೈಡ್ ಬಿಟ್ಟುಕೊಟ್ಟು ಕೊನೆಗೆ ನೀರು, ಆಮ್ಲಜನಕ, ವಾಷಿಂಗ್ ಸೋಡಾ ಆಗಿ ತೊಳೆದುಹೋಗುತ್ತದೆ. ಕ್ಲೋರಿನ್ ಬ್ಲೀಚನ್ನು ಮಾತ್ರ ನಾನು ಮಗುವಿನ ಬಟ್ಟೆಯ ಹತ್ತಿರ ಸುಳಿಯಗೊಡುವುದಿಲ್ಲ. ಅದು ಸೆಲ್ಯುಲೋಸನ್ನೇ ತಿನ್ನುತ್ತದೆ, ಕುತ್ತಿಗೆ ಮತ್ತು ತೊಡೆಯ ಪಟ್ಟಿಯಲ್ಲಿರುವ ಇಲಾಸ್ಟಿಕ್ಕನ್ನು ಕೊಲ್ಲುತ್ತದೆ. ಅದರ ಜೊತೆ ವಿನಿಗರ್ ಸೇರಿಸಿದರಂತೂ ವಿಷದ ಕ್ಲೋರಿನ್ ಗಾಳಿ ಏಳುತ್ತದೆ.

ಉಳಿಯಲೆಂದೇ ಮಾಡಿದ್ದು

ಡಿಟರ್ಜೆಂಟಿನ ಕೆಲಸ ಕೊಳೆಯನ್ನು ಹಿಡಿದುಕೊಂಡು ನೀರಿನ ಜೊತೆ ಹೊರಟುಹೋಗುವುದು. ಅದು ಹೊರಟುಹೋದರೆ ನನಗೆ ಅದರ ಮೇಲೆ ದೂರಿಲ್ಲ. ಆದರೆ ಅದರ ಜೊತೆಗೇ ಬರುವ ಮೂರು ವಸ್ತುಗಳಿವೆ. ಅವನ್ನು ತಯಾರಿಸಿರುವುದೇ ಬಟ್ಟೆಯಲ್ಲಿ ಉಳಿಯುವುದಕ್ಕೆ.

ಒಂದು, ಆಪ್ಟಿಕಲ್ ಬ್ರೈಟ್ನರ್. ಇದು ಬಟ್ಟೆಯನ್ನು ಬಿಳಿ ಮಾಡುವುದಿಲ್ಲ. ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿ ನೀಲಿ ಬೆಳಕಾಗಿ ಹೊರಹಾಕುತ್ತದೆ. ಆ ನೀಲಿ ಹಳದಿಯನ್ನು ಮರೆಮಾಡುವುದರಿಂದ ನಮಗೆ ಬಟ್ಟೆ ಬೆಳ್ಳಗಾಯಿತು ಅನಿಸುತ್ತದೆ. ಹತ್ತಿಗೆ ಅಂಟಿಕೊಳ್ಳದಿದ್ದರೆ ಅದರ ಕೆಲಸವೇ ನಡೆಯುವುದಿಲ್ಲ. ಬ್ಲೀಚ್ ಮಾಡದ ಹತ್ತಿಯ ಕೆನೆಬಣ್ಣ ಕೆಲವೇ ಒಗೆತಗಳಲ್ಲಿ ನೀಲಿಬೆರೆತ ಬಿಳಿಗೆ ತಿರುಗಿದರೆ ಇದೇ ಕಾರಣ. ಪೊಟ್ಟಣದ ಹಿಂದಿರುವ ಸಣ್ಣ ಅಕ್ಷರಗಳಲ್ಲಿ ಬ್ರೈಟ್ನರ್ ಅಥವಾ ವೈಟ್ನರ್ ಅಂತ ಇದೆಯೇ ನೋಡಿಕೊಳ್ಳುವುದು ಒಳ್ಳೆಯದು.

ಹುಟ್ಟಿನಿಂದಲೇ ಬಣ್ಣದ ಹತ್ತಿಯೂ ಉಂಟು. ಕಂದು, ಹಸಿರು ಬಣ್ಣದ ಅರಳೆ ಬಿಡುವ ಗಿಡಗಳು ಸಾವಿರಾರು ವರ್ಷದಿಂದ ಇವೆ. ಎಳೆ ಗಿಡ್ಡವಾದ್ದರಿಂದ ಯಂತ್ರಕ್ಕೆ ಒಗ್ಗುತ್ತಿರಲಿಲ್ಲ. ಅಮೆರಿಕದ ಸ್ಯಾಲಿ ಫಾಕ್ಸ್ 1980ರ ದಶಕದಲ್ಲಿ ಆರಿಸಿ ಆರಿಸಿ ಉದ್ದ ಎಳೆಯ ತಳಿ ಬೆಳೆಸಿದರು. ಆ ಬಟ್ಟೆಯ ವಿಶೇಷ ಏನೆಂದರೆ ಮೊದಲ ಕೆಲವು ಒಗೆತಗಳಲ್ಲಿ ಬಣ್ಣ ಮಾಸುವ ಬದಲು ಗಾಢವಾಗುತ್ತದೆ. ಯಾರಾದರೂ ಅಂಥ ಬಟ್ಟೆಯನ್ನು ಉಡುಗೊರೆ ಕೊಟ್ಟರೆ ಬೆಳ್ಳಗೆ ಮಾಡುವ ಪುಡಿಯಲ್ಲಿ ಅದ್ದಬೇಡಿ, ದಯವಿಟ್ಟು.

ಎರಡನೆಯದು ಫ್ಯಾಬ್ರಿಕ್ ಸಾಫ್ಟ್ನರ್. ನನ್ನ ತಕರಾರು ಹೆಚ್ಚಿರುವುದು ಇದರ ಮೇಲೆ. ಧನ ವಿದ್ಯುದಂಶವಿರುವ, ಕೊಬ್ಬಿನಂಥ ಬಾಲವಿರುವ ಅಣುಗಳು ಇದರಲ್ಲಿರುತ್ತವೆ. ಕೊನೆಯ ನೀರಿನಲ್ಲಿ ಹಾಕಿದಾಗ ಅವು ಎಳೆಯ ಮೇಲೆ ಪದರವಾಗಿ ಕೂರುತ್ತವೆ. ನಮ್ಮ ಬೆರಳಿಗೆ ಮೆತ್ತಗೆ ಅನಿಸುವುದು ಹತ್ತಿಯಲ್ಲ, ಆ ಪದರ. ಮೇಲೆ ಹೇಳಿದ ಹನಿ ಪರೀಕ್ಷೆಯನ್ನು ಸಾಫ್ಟ್ನರ್ ಹಾಕಿ ಹಾಕಿ ಒಗೆದ ಲಂಗೋಟಿಯ ಮೇಲೆ ಮಾಡಿ ನೋಡಿ. ಹನಿ ಮತ್ತೆ ದುಂಡಗೆ ಕೂರುತ್ತದೆ. ಮೇಣ ತೆಗೆಯುವುದಕ್ಕೆ ಪಟ್ಟ ಪಾಡೆಲ್ಲ ನೀರುಪಾಲು. ಹೀರಬೇಕಾದ ಬಟ್ಟೆ ಹೀರದಿದ್ದರೆ ಒದ್ದೆ ಉಳಿಯುವುದು ಮಗುವಿನ ತೊಡೆಸಂದಿಯಲ್ಲಿ. ಜೊತೆಗೆ, ಮೇಲೆ ನವಿರಾಗಿ ನೂಲೆದ್ದಿರುವ ಹತ್ತಿಬಟ್ಟೆಗೆ ಬೆಂಕಿ ಬೇಗ ಹತ್ತುವಂತೆಯೂ ಈ ಪದರ ಮಾಡುತ್ತದೆ. ಮಕ್ಕಳ ರಾತ್ರಿಯುಡುಪಿಗೆ ಸಾಫ್ಟ್ನರ್ ಬೇಡ ಅನ್ನುವ ಎಚ್ಚರಿಕೆಯ ಹಿಂದಿರುವುದು ಅದೇ.

ಹಾಗಾದರೆ ಬಿಸಿಲಿಗೆ ಒಣಗಿಸಿದ ಬಟ್ಟೆ ರೊಟ್ಟಿಯ ಹಾಗೆ ಸೆಟೆದುಕೊಳ್ಳುತ್ತದಲ್ಲ ಅಂತ ಕೇಳುವವರಿದ್ದಾರೆ. ಇದಕ್ಕೂ ಕಾರಣ ಹುಡುಕಿದವರಿದ್ದಾರೆ. 2020ರಲ್ಲಿ ಜಪಾನಿನ ಸಂಶೋಧಕರು ತೋರಿಸಿದಂತೆ, ಒಣಗಿದ ಹತ್ತಿಯ ಎಳೆಯ ಮೇಲೂ ಸ್ವಲ್ಪ ನೀರು ಬಿಗಿಯಾಗಿ ಅಂಟಿಕೊಂಡು ಉಳಿದಿರುತ್ತದೆ. ಆ ನೀರೇ ಎಳೆ ಎಳೆಯನ್ನು ಬೆಸೆಯುವುದರಿಂದ ಬಟ್ಟೆ ಸೆಟೆಯುತ್ತದೆ. ಬೆಸುಗೆ ದುರ್ಬಲ. ಹರವುವ ಮೊದಲು ಫಟ್ ಅಂತ ಒಮ್ಮೆ ಕೊಡವಿ, ಒಣಗಿದ ಮೇಲೆ ಎರಡೂ ಅಂಗೈ ನಡುವೆ ಹಿಸುಕಿ ಉಜ್ಜಿದರೆ ಬಿಟ್ಟುಕೊಡುತ್ತದೆ. ನಾನು ಮಡಚುವಾಗ ಇದನ್ನೇ ಮಾಡುವುದು. ಬಟ್ಟೆಯ ಬಿಗಿ ಸಡಿಲವಾಗುವುದು ಕೈಗೇ ಗೊತ್ತಾಗುತ್ತದೆ.

ಮೂರನೆಯದು ಸುವಾಸನೆ. ತೊಳೆದ ಮೇಲೂ ದಿನಗಟ್ಟಲೆ ಉಳಿಯುತ್ತದೆ ಅನ್ನುವುದನ್ನೇ ಜಾಹೀರಾತಿನಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ಚರ್ಮದ ಅಲರ್ಜಿಗೆ ಕಾರಣವಾಗುವ ವಸ್ತುಗಳಲ್ಲಿ ಸುಗಂಧಗಳು ಮುಂಚೂಣಿಯಲ್ಲಿವೆ. ದ್ರವ ಡಿಟರ್ಜೆಂಟುಗಳು ಕೆಡದಿರಲಿ ಅಂತ ಹಾಕುವ ಮೀಥೈಲ್‌ಐಸೋಥಯಜೋಲಿನೋನ್ ಅನ್ನುವ ಸಂರಕ್ಷಕವೂ ಅಷ್ಟೇ. ಅಮೆರಿಕದ ಚರ್ಮತಜ್ಞರ ಸಂಘವೊಂದು 2013ರಲ್ಲಿ ಅದನ್ನು 'ವರ್ಷದ ಅಲರ್ಜಿಕಾರಕ' ಅಂತ ಹೆಸರಿಸಿತ್ತು. ಎಳೆಮಗುವಿನ ಚರ್ಮದ ಹೊರಪದರ ನಮ್ಮದಕ್ಕಿಂತ ತೆಳು. ಹುಟ್ಟಿದಾಗ ಅದು ಹೆಚ್ಚು ಕಡಿಮೆ ತಟಸ್ಥವಾಗಿದ್ದು, ದೊಡ್ಡವರ ಚರ್ಮಕ್ಕಿರುವ ಹುಳಿಗುಣ ಬರುವುದಕ್ಕೆ ವಾರಗಳು ಬೇಕು. ಇಷ್ಟೆಲ್ಲದರ ಮೇಲೆ ಮಗುವಿಗೆ ಅಮ್ಮನ ಮೈವಾಸನೆ ಬೇಕು, ಅಮ್ಮನಿಗೆ ಮಗುವಿನದು. ಎರಡರ ನಡುವೆ ಬಾಟಲಿಯ ಹೂವು ಯಾಕೆ ಬರಬೇಕೋ ನನಗೆ ತಿಳಿಯದು. ಬಟ್ಟೆಗೆ ಆ್ಯಂಟಿಸೆಪ್ಟಿಕ್ ದ್ರವ ಹಾಕುವುದರ ಬಗ್ಗೆಯೂ ನನ್ನ ಅಭಿಪ್ರಾಯ ಇದೇ. ಸೋಪು, ಬಿಸಿನೀರು, ಬಿಸಿಲು ಇರುವ ಮನೆಯಲ್ಲಿ ದಿನನಿತ್ಯದ ಒಗೆತಕ್ಕೆ ಅದರ ಅಗತ್ಯವಿಲ್ಲ.

ಹಾಗಾಗಿ ನಾನು ಬಳಸುವುದು ವಾಸನೆಯಿಲ್ಲದ, ಬ್ರೈಟ್ನರ್ ಇಲ್ಲದ ಮಾಮೂಲಿ ಡಿಟರ್ಜೆಂಟ್, ಅದೂ ಕಡಿಮೆ. 30-40 ಡಿಗ್ರಿ ನೀರು ದಿನದ ಬಟ್ಟೆಗೆ, 60 ಡಿಗ್ರಿ ಲಂಗೋಟಿಗೆ. ತೊಳೆಯುವ ನೀರು ಮಾತ್ರ ಒಂದು ಸುತ್ತು ಜಾಸ್ತಿ. ಬಟ್ಟೆಯಲ್ಲಿ ಸೋಪು ಉಳಿದಿದೆಯೇ ತಿಳಿಯಬೇಕಾದರೆ, ಒಗೆದು ಒಣಗಿಸಿದ ಅಂಗಿಯನ್ನೇ ಬರೀ ನೀರಿನ ಬಕೆಟ್ಟಿಗೆ ಹಾಕಿ ಕೈಯಾಡಿಸಿದರಾಯಿತು. ನೊರೆ ಎದ್ದರೆ ಇಷ್ಟು ದಿನ ಮಗುವಿನ ಮೈಗೆ ಅದೂ ತಾಗುತ್ತಿತ್ತು ಅಂತ ಅರ್ಥ. ಗಡಸು ನೀರಾದರೆ ಬಾರ್ ಸೋಪಿಗಿಂತ ಡಿಟರ್ಜೆಂಟೇ ವಾಸಿ. ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೋಪು ಸೇರಿ ಬೂದುಬಣ್ಣದ ಜಿಡ್ಡಾಗುತ್ತದೆ, ಬಟ್ಟೆಯ ಬಣ್ಣವೂ ಹೋಗುತ್ತದೆ, ಹೀರುವ ಗುಣವೂ ಹೋಗುತ್ತದೆ.

ಒಣಗಿಸುವುದರಲ್ಲಿ ಒಂದೇ ಕಟ್ಟುನಿಟ್ಟು: ಬೇಗ ಒಣಗಬೇಕು. ಮೋಡದ ದಿನಗಳಲ್ಲಿ ಮನೆಯೊಳಗೆ ಹರವಿದ ಬಟ್ಟೆಗೆ ಬರುವ ಮುಗ್ಗಲು ವಾಸನೆಗೆ ಮೊರಾಕ್ಸೆಲ್ಲಾ ಆಸ್ಲೊಯೆನ್ಸಿಸ್ ಅನ್ನುವ ಬ್ಯಾಕ್ಟೀರಿಯಾ ಮುಖ್ಯ ಕಾರಣ ಅಂತ ಗುರುತಿಸಿದ್ದಾರೆ. ಅದಕ್ಕೆ ಬೇಕಾದ್ದು ತೇವ ಮತ್ತು ಸಮಯ. ಒತ್ತೊತ್ತಾಗಿ ಹಾಕದೆ ಫ್ಯಾನಿನ ಗಾಳಿ ಆಡಲು ಬಿಟ್ಟು, ಕೊನೆಗೆ ಇಸ್ತ್ರಿ ಆಡಿಸಿದರೆ ಸಾಕು. ಹೆಣೆದ ಬಟ್ಟೆಯನ್ನು ಭುಜದ ಹತ್ತಿರ ಕ್ಲಿಪ್ ಹಾಕಿ ತೂಗುಬಿಟ್ಟರೆ ನೀರಿನ ಭಾರಕ್ಕೆ ಕುತ್ತಿಗೆ ಜೋತುಬೀಳುತ್ತದೆ. ತಂತಿಯ ಮೇಲೆ ನಡುವಿಗೆ ಮಡಚಿ ಹಾಕುವುದೇ ಸರಿ.

ಒಳಮೈ ತಿರುವಿ ನೋಡುವುದು

ಒಂದು ರಾತ್ರಿ ಮಗಳು ಇದ್ದಕ್ಕಿದ್ದಂತೆ ಕಿರುಚಿ ಅಳತೊಡಗಿದಳು. ಹಸಿವಿನ ಅಳು ಅಲ್ಲ, ನಿದ್ದೆಯ ಅಳು ಅಲ್ಲ. ಹಾಲು ಬೇಡ, ಎತ್ತಿಕೊಂಡರೂ ಬೇಡ. ಹೆಂಡತಿ ಅವಳನ್ನು ದೀಪದ ಕೆಳಗೆ ಮಲಗಿಸಿ ಮೈಮೇಲಿನ ಬಟ್ಟೆ ಒಂದೊಂದಾಗಿ ಬಿಚ್ಚುತ್ತಾ ಬಂದಳು. ಕೊನೆಗೆ ಕಾಲುಚೀಲ. "ಇಲ್ಲಿ ನೋಡಿ" ಅಂದಳು. ಎಡಗಾಲಿನ ಎರಡನೇ ಬೆರಳು ತುದಿಯಲ್ಲಿ ಕೆಂಪಗೆ ಊದಿಕೊಂಡಿತ್ತು, ಬುಡದಲ್ಲಿ ಗೆರೆ ಎಳೆದಂತೆ ಒಂದು ಸಣ್ಣ ಕುಳಿ. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರೆ ತಲೆಗೂದಲು. ಕಾಲುಚೀಲದೊಳಗೆ ಸಿಕ್ಕಿಕೊಂಡಿದ್ದ ಕೂದಲು, ಕಾಲು ಆಡಿಸಿದಂತೆಲ್ಲ ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿತ್ತು. ಹೆಂಡತಿ ಉಗುರಿನ ತುದಿಯಿಂದ ನಿಧಾನಕ್ಕೆ ಎತ್ತಿ, ಸಣ್ಣ ಕತ್ತರಿಯಿಂದ ತುಂಡರಿಸಿದಳು. ಸ್ವಲ್ಪ ಹೊತ್ತಿಗೆ ಬೆರಳಿನ ಬಣ್ಣ ಮರಳಿತು, ಅಳು ನಿಂತಿತು.

ವೈದ್ಯರು ಇದನ್ನು ಹೇರ್ ಟೂರ್ನಿಕೆ ಅನ್ನುತ್ತಾರೆ. ಬಾಣಂತಿಯರಿಗೆ ಹೆರಿಗೆಯಾದ ಮೂರು ನಾಲ್ಕು ತಿಂಗಳ ಸುಮಾರಿಗೆ ಕೂದಲು ಬಹಳ ಉದುರುತ್ತದೆ, ಅದೇ ಹೊತ್ತಿಗೆ ಮಗು ಕಾಲು ಬಡಿಯುವುದನ್ನು ಕಲಿತಿರುತ್ತದೆ. ಮನೆಯವರ ಬಟ್ಟೆಯ ಜೊತೆ ಮಗುವಿನ ಬಟ್ಟೆ ಹಾಕಿದರೆ ಕೂದಲು ಕಾಲುಚೀಲದೊಳಗೆ, ಕೈಗವಸಿನೊಳಗೆ ಸೇರಿಕೊಳ್ಳುವುದು ಬಲು ಸುಲಭ. ಒಳಹೊಲಿಗೆಯಿಂದ ಬಿಟ್ಟುಕೊಂಡ ದಾರವೂ ಇದೇ ಕೆಲಸ ಮಾಡಬಲ್ಲದು. ಬಿಡಿಸಲು ಬಾರದಷ್ಟು ಒಳಗೆ ಹೂತುಹೋಗಿದ್ದರೆ, ಬಣ್ಣ ನೀಲಿಗೆ ತಿರುಗಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬೆರಳೇ ಹೋಗುವ ಅಪಾಯವಿದೆ.

ಅಂದಿನಿಂದ ಮಗಳ ಬಟ್ಟೆ ಬೇರೆ ಜಾಲರಿ ಚೀಲದಲ್ಲಿ ಹೋಗುತ್ತದೆ. ಒಣಗಿದ ಮೇಲೆ ಪ್ರತಿಯೊಂದು ಕಾಲುಚೀಲವನ್ನೂ ಒಳಮೈ ತಿರುವಿ, ತುದಿಯ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿ, ಬಿಟ್ಟ ದಾರ ಕತ್ತರಿಸಿ, ಆಮೇಲೇ ಮಡಚುವುದು. ಪ್ರೆಸ್ ಬಟನ್ನುಗಳ ಸುತ್ತ ಬಟ್ಟೆ ಹರಿದಿದೆಯೇ, ಬಟನ್ನು ಅಲ್ಲಾಡುತ್ತಿದೆಯೇ ಅಂತಲೂ ಆಗಲೇ ನೋಡುತ್ತೇನೆ. ಸಡಿಲವಾದ ಬಟನ್ನು ಸೀದಾ ಬಾಯಿಗೆ ಹೋಗುತ್ತದೆ. ಬಿಚ್ಚುವಾಗ ಬಟ್ಟೆ ಹಿಡಿದು ಎಳೆಯದೆ ಬಟನ್ನಿನ ಪಕ್ಕದಲ್ಲೇ ಹಿಡಿದರೆ ಬಟ್ಟೆ ಹರಿಯುವುದಿಲ್ಲ. ಒನ್ಸಿಯ ಭುಜದಲ್ಲಿ ಒಂದರ ಮೇಲೊಂದು ಬಂದಿರುವ ಮಡಿಕೆ ಅಲಂಕಾರಕ್ಕಲ್ಲ. ಬೆನ್ನಿನವರೆಗೂ ಹೇಲು ಸೋರಿದಾಗ ತಲೆಯ ಮೇಲಿಂದ ಎಳೆಯದೆ, ಆ ಮಡಿಕೆ ಅಗಲಿಸಿ ಭುಜದಿಂದ ಕೆಳಕ್ಕೆ ಜಾರಿಸಿ ತೆಗೆಯಬಹುದು. ಇದು ಗೊತ್ತಾದ ಮೇಲೆ ನಮ್ಮ ಕೆಲಸ ಅರ್ಧವಾಯಿತು.

ಎತ್ತಿಡುವುದು

ಮಗಳಿಗೆ ಚಿಕ್ಕದಾದ ಬಟ್ಟೆಗಳನ್ನು ಈಗ ನನ್ನ ತಂಗಿಗೆ ಕೊಡುವುದಕ್ಕೆ ಕಟ್ಟುತ್ತಿದ್ದೇನೆ. ಚೆನ್ನಾಗಿ ನೋಡಿಕೊಂಡ ಹತ್ತಿ ಬಟ್ಟೆ ಎರಡನೆಯ ಮಗುವಿಗೆ ಹೋಗುವಾಗ ಹೊಸದಕ್ಕಿಂತ ಒಳ್ಳೆಯದಾಗಿರುತ್ತದೆ. ಕುಗ್ಗುವಷ್ಟೂ ಕುಗ್ಗಿರುತ್ತದೆ, ಬಿಡುವ ಬಣ್ಣವೆಲ್ಲ ಬಿಟ್ಟಿರುತ್ತದೆ, ಕಾರ್ಖಾನೆಯದೇನಾದರೂ ಉಳಿದಿದ್ದರೆ ಅದೂ ಹೋಗಿರುತ್ತದೆ.

ಎತ್ತಿಡುವ ಮೊದಲು ಇನ್ನೊಮ್ಮೆ ಒಗೆಯುವುದು ತಪ್ಪಿಸಬಾರದು. ಕಣ್ಣಿಗೆ ಶುಭ್ರವಾಗಿ ಕಂಡ ಅಂಗಿ ತಿಂಗಳುಗಳ ನಂತರ ಹೊರತೆಗೆದಾಗ ಕುತ್ತಿಗೆಯ ಸುತ್ತ ಹಳದಿಯಾಗಿರುವುದನ್ನು ನೋಡಿರುತ್ತೀರಿ. ಅದು ಕಕ್ಕಿದ ಹಾಲಿನ ಉಳಿದ ಕೊಬ್ಬು, ಗಾಳಿ ತಾಗಿ ಬಣ್ಣ ತಿರುಗಿದ್ದು. ಗಂಜಿ ಹಾಕಿ ಇಡುವುದೂ ಬೇಡ, ಗಂಜಿಗೆ ಬೆಳ್ಳಿಹುಳ ಬರುತ್ತದೆ. ಪ್ಲಾಸ್ಟಿಕ್ ಚೀಲಕ್ಕಿಂತ ಹಳೆಯ ಬಟ್ಟೆಯ ಗಂಟು ಒಳ್ಳೆಯದು, ಗಾಳಿಯಾಡುತ್ತದೆ.

ಇನ್ನು ನುಸಿಗುಳಿಗೆ. ಇದನ್ನು ಮಾತ್ರ ನಾನು ಕೈಮುಗಿದು ಬೇಡ ಅನ್ನುತ್ತೇನೆ. ಬಟ್ಟೆ ತಿನ್ನುವ ನುಸಿಯ ಮರಿಗೆ ಬೇಕಾದ್ದು ಉಣ್ಣೆ, ರೇಷ್ಮೆ ತರಹದ ಪ್ರಾಣಿಜನ್ಯ ಎಳೆ. ಶುಭ್ರವಾದ ಹತ್ತಿ ಅದರ ಆಹಾರವೇ ಅಲ್ಲ. ಅಂದರೆ ಹತ್ತಿಯ ಗಂಟಿಗೆ ಹಾಕಿದ ಗುಳಿಗೆಯಿಂದ ಲಾಭವಿಲ್ಲ, ಆದರೆ ಅಪಾಯ ದೊಡ್ಡದು. ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಅನ್ನುವ ಕಿಣ್ವದ ಕೊರತೆಯೊಂದಿಗೆ ಹುಟ್ಟುವ ಮಕ್ಕಳು ಜಗತ್ತಿನಾದ್ಯಂತ ಇದ್ದಾರೆ, ಎಷ್ಟೋ ಮನೆಗಳಲ್ಲಿ ಅದು ಗೊತ್ತೇ ಇರುವುದಿಲ್ಲ. ಅಂಥ ಮಗುವಿಗೆ ಈ ಗುಳಿಗೆಯಲ್ಲಿರುವ ನ್ಯಾಫ್ತಲೀನಿನ ಆವಿ ಹೀರಿದ ಬಟ್ಟೆ ತೊಡಿಸಿದರೆ ಕೆಂಪು ರಕ್ತಕಣಗಳು ರಾಶಿರಾಶಿಯಾಗಿ ಒಡೆಯತೊಡಗುತ್ತವೆ. ಒಡೆದ ಕಣದಿಂದ ಬರುವುದು ಮತ್ತೆ ಅದೇ ಬಿಲಿರುಬಿನ್. ಅದು ಮಿತಿ ಮೀರಿದರೆ ಮಿದುಳಿಗೇ ಹಾನಿ. ಎತ್ತಿಟ್ಟಿದ್ದ ಹಳೆಯ ಬಟ್ಟೆ, ಹೊದಿಕೆ ಬಳಸಿದ ಮೇಲೆ ನವಜಾತ ಶಿಶುಗಳಿಗೆ ಹೀಗಾದದ್ದು ವೈದ್ಯಕೀಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ದಾಖಲಾಗಿದೆ.

ತಂಗಿಗೆ ಫೋನಿನಲ್ಲಿ ಇದನ್ನೇ ಹೇಳಿದೆ. ಬೇರೆಯವರಿಂದಲೂ ಬಟ್ಟೆ ಬರುತ್ತದೆ, ಬರಲಿ, ಖುಷಿಯಿಂದ ತಗೋ. ಗಂಟು ಬಿಚ್ಚಿದಾಗ ಗುಳಿಗೆಯ ವಾಸನೆ ಬಂದರೆ ಒಗೆದು ತೊಡಿಸೋಣ ಅಂತ ಯೋಚಿಸಬೇಡ, ಎಳೆಮಗುವಿಗೆ ಅದು ಬೇಡವೇ ಬೇಡ. ನನ್ನ ಗಂಟಿನಲ್ಲಿ ಯಾವ ವಾಸನೆಯೂ ಇರುವುದಿಲ್ಲ, ಆದರೂ ಬಂದ ಕೂಡಲೇ ಒಮ್ಮೆ ಬರೀ ನೀರಿನಲ್ಲಿ ಜಾಲಿಸಿ ಬಿಸಿಲಿಗೆ ಹಾಕು. ಕಾಲುಚೀಲ ಮಾತ್ರ ಒಳಮೈ ತಿರುವಿ ನೋಡದೆ ಹಾಕಬೇಡ. "ಆಯ್ತು ಅಣ್ಣ, ಬರ್ಕೊಂಡೆ" ಅಂದಳು. ನಾಳೆ ಗಂಟು ಹೊರಡುತ್ತದೆ. ಕುತ್ತಿಗೆಯ ಇಲಾಸ್ಟಿಕ್ ಸಡಿಲಾದ ಕೆಲವು ಅಂಗಿಗಳನ್ನು ಮಾತ್ರ ಬೇರೆ ತೆಗೆದಿಟ್ಟಿದ್ದೇನೆ. ಅವು ಮಗುವಿನ ಬಾಯಿ ಒರೆಸುವುದಕ್ಕೆ ಬರುತ್ತವೆ, ಕತ್ತರಿಸಿ ಅಂಚು ಹೊಲಿದು ಅದರ ಜೊತೆಗೇ ಕಳಿಸಬೇಕು.